ಬಿದ್ದ ಕಾಯಿಗೆ ಬೆಲೆ ಕೇಳಿದ ದಿನ

ನನ್ನ ಮೊಮ್ಮಗಳು ಕೋಲಾರದಲ್ಲಿ ಬಿ.ಕಾಂ. ಓದುತ್ತಿದ್ದಾಗ ಅವಳ ಕಾಲೇಜಿಗೆ ಒಂದು ಸ್ಪರ್ಧೆ ಬಂತು. ದುಡ್ಡಿರುವವರು ಎಲ್ಲಿ ಹೂಡಿದರೆ ಅವರಿಗೂ ಲಾಭ, ಊರಿಗೂ ಒಳ್ಳೆಯದು, ನೆಲ ನೀರೂ ಕೆಡುವುದಿಲ್ಲ ಎಂದು ಮಕ್ಕಳು ಯೋಚಿಸಿ ಹೇಳಬೇಕು. ಗೆದ್ದ ಯೋಜನೆಗೆ ನಿಜವಾಗಿಯೂ ದುಡ್ಡು ಹಾಕುತ್ತಾರಂತೆ. ಇವಳು ಹಿಡಿದದ್ದು ನಮ್ಮ ಮಾವಿನ ಉದುರುಗಾಯಿಯನ್ನು.

ಶ್ರೀನಿವಾಸಪುರದ ಕಡೆ ಕಾಯಿ ಬಲಿಯುವ ಮುಂಚೆ ಜೋರು ಗಾಳಿ ಎದ್ದರೆ ಮರದ ಕೆಳಗೆಲ್ಲ ಕಾಯಿ ಉದುರಿರುತ್ತದೆ. ಅದು ಆಯ್ದವರದು. ತೋಟದವರೂ ಕೇಳುವುದಿಲ್ಲ, ಫಸಲು ಗುತ್ತಿಗೆ ಹಿಡಿದವರೂ ಕೇಳುವುದಿಲ್ಲ. ನಾವು ಹೆಂಗಸರು ಚೀಲ ಹಿಡಿದು ಹೋಗಿ ಆಯ್ದು, ಹೆಚ್ಚಿ, ಒಣಗಿಸಿ ಸಂತೆಯಲ್ಲಿ ಮಾರುತ್ತಿದ್ದೆವು. ಗಂಡಂದಿರ ಕೈಗೆ ಹೋಗದ ಸಂಪಾದನೆ ಅದೊಂದೇ. ಮೊಮ್ಮಗಳ ಯೋಜನೆಯಲ್ಲಿ ಬಿಸಿಲಿನಿಂದಲೇ ಒಣಗಿಸುವ ಗಾಜಿನ ಪೆಟ್ಟಿಗೆಗಳು, ಅವನ್ನಿಡಲು ಒಂದು ಶೆಡ್ಡು, ಅದರಲ್ಲಿ ನಮಗೂ ಪಾಲು.

"ಮಳೆ ಬಂದ್ರೂ ಬೂಸ್ಟು ಹಿಡಿಯಲ್ಲ ಅಜ್ಜಿ" ಅಂದಳು.

"ಅಷ್ಟಾದ್ರೆ ಸಾಕು. ಮಿಕ್ಕಿದ್ದೆಲ್ಲ ಬಾಯಿಮಾತು" ಅಂದೆ.

ಕೊನೆಯ ಸುತ್ತಿಗೆ ತೀರ್ಪು ಹೇಳುವವರು ತೋಟಕ್ಕೇ ಬಂದರು. ಒಬ್ಬರು ಬ್ಯಾಂಕಿನಿಂದ ರಿಟೈರಾದವರು, ಜೊತೆಗೆ ಬೆಂಗಳೂರಿನ ಒಬ್ಬ ಮೇಡಂ. ಹಿಂದಿನ ದಿನ ಗಾಳಿ ಬೀಸಿದ್ದರಿಂದ ನಾವೆಲ್ಲ ಕಾಯಿ ಆಯುತ್ತಿದ್ದೆವು. ಗುತ್ತಿಗೆದಾರ ಕಾವಲು ಗುಡಿಸಲ ಮುಂದೆ ಬೀಡಿ ಸೇದುತ್ತ ಕೂತಿದ್ದ.

ಬ್ಯಾಂಕಿನವರು ನೇರ ಅವನ ಹತ್ತಿರ ಹೋದರು. "ಈ ಕಾಯಿಗೆ ಇವರ ಹತ್ರ ಏನು ರೇಟು ತಗೋತೀರಿ?"

"ರೇಟೇನು ಸಾರ್, ಬಿದ್ದಿದ್ದಲ್ವಾ."

ಅವರು ಮೊಮ್ಮಗಳ ಕಡೆ ತಿರುಗಿದರು. "ನಾಳೆ ಈ ಗುತ್ತಿಗೆದಾರರು ಆಯೋದು ಬೇಡ ಅಂದ್ರೆ ನಿಮ್ಮ ಶೆಡ್ಡಿಗೆ ಕಾಯಿ ಎಲ್ಲಿಂದ ಬರುತ್ತಮ್ಮ? ಒಂದು ಬೆಲೆ, ಒಂದು ಕರಾರು ಇರ್ಬೇಕಲ್ಲ."

ಗುತ್ತಿಗೆದಾರ ಬೀಡಿ ನೆಲಕ್ಕೆ ಒತ್ತಿ ಆರಿಸಿದ. ಅವನ ತಲೆಗೆ ಅಲ್ಲಿಯವರೆಗೆ ಅದು ಬಂದೇ ಇರಲಿಲ್ಲ.

"ಹೌದಲ್ಲ ಸಾರ್. ಮರ ನನ್ನ ಗುತ್ತಿಗೇಲಿದ್ರೆ ಬಿದ್ದಿದ್ದೂ ನಂದೇ. ಕಟ್ಟೋಣ ಬಿಡಿ ಬೆಲೆ."

ಆಯುತ್ತಿದ್ದವರೆಲ್ಲ ಬಗ್ಗಿದ ಹಾಗೇ ನಿಂತುಬಿಟ್ಟರು. ನನ್ನ ಪಕ್ಕದ ಮನೆಯವಳು ಮೆಲ್ಲಗೆ, "ಚೆನ್ನಾಗ್ ಓದ್ಸಿದ್ದೀಯ ಬಿಡಕ್ಕ ಮೊಮ್ಮಗಳನ್ನ" ಅಂದಳು.

ಮೊಮ್ಮಗಳು ನನ್ನ ಮುಖ ನೋಡಿದಳು. ಹೂಂ ಅಂದರೆ ಬಹುಮಾನ ಅವಳದು, ನಮ್ಮ ಚೀಲ ಖಾಲಿ. ನಾನು ತಲೆ ಆಡಿಸಲೂ ಇಲ್ಲ. ಅವಳ ಬಾಯಿಂದಲೇ ಬರಲಿ ಎಂದು ಬಗ್ಗಿ ಇನ್ನೊಂದು ಕಾಯಿ ಆಯ್ದೆ.

"ಬೆಲೆ ಬೇಡ ಸಾರ್" ಅಂದಳು. "ಬೆಲೆ ಕಟ್ಟಿದ್ರೆ ಆಯೋರಿಗೇನೂ ಗಿಟ್ಟಲ್ಲ. ಇವರಿಗೋಸ್ಕರ ಅಂತಾನೇ ಈ ಯೋಜನೆ."

"ಹಾಗಾದ್ರೆ ದುಡ್ಡು ಹಾಕೋರಿಗೆ ಭರವಸೆ ಏನು?"

"ಗೊತ್ತಿಲ್ಲ ಸಾರ್."

ಅಲ್ಲಿಗೆ ಮುಗಿಯಿತು. ಮೇಡಂ ಅವಳ ಬೆನ್ನು ತಟ್ಟಿ ಕಾರು ಹತ್ತಿದರು. ಬಹುಮಾನ ಮಾಲೂರಿನ ಹುಡುಗರಿಗೆ ಹೋಯಿತು.

ಆದರೆ ಗುತ್ತಿಗೆದಾರನ ತಲೆಗೆ ಹೋದದ್ದು ಹೋಗಿಯಾಗಿತ್ತು. ಕಾರು ಹೊರಟ ಮೇಲೆ ನಾನೇ ಅವನ ಮುಂದೆ ನಿಂತೆ. "ಬೆಲೆ ಕಟ್ಕೋಪ್ಪ. ಆಯೋದೂ ನೀನೇ ಆಯ್ಕೋ. ಕೆಳಗಿನ ಕಾಯಿ ಕೊಳೆತು ನೊಣ ಎದ್ದು ಮರದ ಕಾಯಿಗೆ ಹತ್ಕೊಂಡ್ರೆ ನಮ್ಮನ್ನ ಕರೀಬೇಡ."

"ನೋಡೋಣ" ಅಂದ. ಮುಖ ಸಡಿಲವಾಗಲಿಲ್ಲ.

ಮತ್ತೊಂದು ಗಾಳಿ ಬರುವವರೆಗೆ ನನ್ನ ಜೊತೆ ಯಾರೂ ನೆಟ್ಟಗೆ ಮಾತಾಡಲಿಲ್ಲ. ಗಾಳಿ ಬಂತು. ಬೆಳಿಗ್ಗೆ ಎಲ್ಲರೂ ಬೇಲಿಯ ಹೊರಗೆ ನಿಂತೆವು. ಮೊದಲು ಒಳಗೆ ಕಾಲಿಡುವವರು ಯಾರೂ ಇಲ್ಲ. ಅವನು ಗುಡಿಸಲಿಂದ ಎದ್ದು ಬಂದು ನಮ್ಮನ್ನೂ ನೆಲದ ಕಾಯಿಯನ್ನೂ ನೋಡಿದ.

"ಏನಕ್ಕ, ಕೊಳೀಲಿ ಅಂತ ನಿಂತಿದ್ದೀರಾ?"

"ಬೆಲೆ ಏನು ಹೇಳು" ಅಂದೆ.

"ನಿನ್ನ ಮೊಮ್ಮಗಳನ್ನೇ ಕೇಳು. ಅವಳೇ ತಾನೆ ಬೇಡ ಅಂದಿದ್ದು."

ಅವನು ದುಡ್ಡು ಕೇಳಲಿಲ್ಲ, ಒಳಗೆ ಹೋದೆವು. ಆದರೆ ಅಂದಿನಿಂದ ಅವನ ಕಣ್ಣು ನಮ್ಮ ಚೀಲದ ಮೇಲೆ. ದೊಡ್ಡ ಚೀಲ ಒಯ್ಯುವುದನ್ನು ಬಿಟ್ಟೆವು. ಸಣ್ಣದರಲ್ಲೇ ಎರಡು ಸಲ ಹೋಗಿಬರುತ್ತೇವೆ.