ನಾಲ್ಕು ಮಾರು ದಾರಿಯ ಹಾಯಕ್ಕ

ಬೆಳಕು ಇನ್ನೂ ನೀರಿಗೆ ಸರಿಯಾಗಿ ಇಳಿದಿಲ್ಲ. ದಡದಿಂದ ಅರ್ಧ ಮೈಲಿ ಹೊರಗೆ ಒಂದು ತೆರೆದ ದೋಣಿ, ಹಾಯಿ ಸುತ್ತಿಟ್ಟುಕೊಂಡು ನಿಂತಿದೆ. ಐವತ್ತನಾಲ್ಕರ ಹೆಂಗಸೊಬ್ಬಳು ಮಂಡಿಯೂರಿ ಕುಳಿತು, ಹಗ್ಗಕ್ಕೆ ಕಟ್ಟಿದ ಕಲ್ಲನ್ನು ನೀರಿಗೆ ಬಿಡುತ್ತಾಳೆ, ಎಳೆಯುತ್ತಾಳೆ, ನೆನೆದ ಹಗ್ಗವನ್ನು ಮೊಳ ಹಾಕಿ ಅಳೆಯುತ್ತಾಳೆ, ತಲೆಯೆತ್ತಿ ದಡ ನೋಡುತ್ತಾಳೆ. ಎರಡು ಸಲ ಹುಟ್ಟು ಹಾಕಿ ಮುಂದೆ ಸರಿದು ಮತ್ತೆ ಕಲ್ಲು ಬಿಡುತ್ತಾಳೆ. ಇಪ್ಪತ್ತೊಂಬತ್ತು ವರ್ಷ ದಾಟಿದ ನೀರನ್ನು ಈಗ ಹೊಸ ಸೊಸೆ ಅಡುಗೆಮನೆಯ ಡಬ್ಬಿಗಳನ್ನು ತಡಕುವ ಹಾಗೆ ತಡಕುತ್ತಿದ್ದಾಳೆ.

ಎದುರಿನ ನಡುಗಡ್ಡೆಯವರಿಗೆ ಈಕೆ ಹಾಯಕ್ಕ. ಅಪ್ಪನ ದೋಣಿ, ಅಪ್ಪನ ಕಸುಬು. ಗಂಡ ಬಡಗಿ. ದೋಣಿಯ ಹಲಗೆ ಹಲಗೆಯೂ ಅವನಿಗೆ ಗೊತ್ತು, ಆದರೆ ಹತ್ತಿದರೆ ಹೊಟ್ಟೆ ತೊಳಸುತ್ತದೆ. "ನಮ್ಮೋರು ದೋಣಿಗೆ ಡಾಕ್ಟ್ರು. ರೋಗಿ ಬೆನ್ನ ಮೇಲೆ ಮಾತ್ರ ಕೂರಲ್ಲ" ಎಂದು ಹಾಯಕ್ಕ ಅವನೆದುರೇ ಹೇಳುತ್ತಾಳೆ.

ನಡುಗಡ್ಡೆಯಿಂದ ದಡಕ್ಕೆ ನಾಲ್ಕು ಮೈಲಿ. ಗಾಳಿ ಕೂಡಿಬಂದರೆ ಐವತ್ತು ನಿಮಿಷ, ಗಾಳಿ ಕೈಕೊಟ್ಟರೆ ಹುಟ್ಟಿನ ಮೇಲೆ ಎರಡೂಕಾಲು ಗಂಟೆ. ಬೆಳಿಗ್ಗೆ ಒಮ್ಮೆ ಹೋಗಿಬರುವುದು, ಸಂಜೆ ಒಮ್ಮೆ. ಏಳು ಜನಕ್ಕಿಂತ ಹೆಚ್ಚು ಹತ್ತಿಸುವುದಿಲ್ಲ, ಅಳಿಯ ಬಂದು ನಿಂತರೂ. ದೊಡ್ಡ ಮೋಟರು ದೋಣಿಯೊಂದಿದೆ. ಅದು ವಾರಕ್ಕೆರಡೇ ಸಲ, ಮಂಗಳವಾರ ಮತ್ತು ಶುಕ್ರವಾರ, ನೀರಿನೊಳಗಿನ ಬಂಡೆಸಾಲನ್ನು ಪೂರಾ ಸುತ್ತಿಕೊಂಡು ಬರುತ್ತದೆ. ಆ ಸಾಲಿನ ನಡುವೆ ನಾಲ್ಕು ಮಾರು ಅಗಲದ ಕಂಡಿಯಿದೆ. ಅದರಲ್ಲಿ ತೂರಬಲ್ಲದ್ದು ಹಾಯಕ್ಕನ ದೋಣಿಯೊಂದೇ. ಉಳಿದ ಐದು ದಿನ ನಡುಗಡ್ಡೆಯಲ್ಲಿ ಯಾರಿಗೆ ಏನೇ ಆದರೂ ಆ ಕಂಡಿಯೇ ಗತಿ.

ಕಂಡಿ ಕಣ್ಣಿಗೆ ಕಾಣುವುದಿಲ್ಲ. ಅದನ್ನು ದಡದಲ್ಲಿ ಹುಡುಕಬೇಕು. ಹೆಂಚಿನ ಕಾರ್ಖಾನೆಯ ಚಿಮಣಿ ಮುಂದೆ, ದಿಬ್ಬದ ಮೇಲಿನ ನೀರಿನ ಟ್ಯಾಂಕು ಹಿಂದೆ. ಚಿಮಣಿ ಟ್ಯಾಂಕಿನ ನಟ್ಟನಡುವೆ ಬಂದು ನಿಂತರೆ ದೋಣಿ ಕಂಡಿಯ ನೇರಕ್ಕೆ ಬಂದಿದೆ ಎಂದರ್ಥ. ಅಪ್ಪ ಮಗಳಿಗೆ ಬರೆದುಕೊಡದೆ ಬಿಟ್ಟುಹೋದ ಆಸ್ತಿ ಇಷ್ಟೇ.

ಅದನ್ನೇ ಪುರಸಭೆಯವರು ಕೆಡವಿದರು. ಹಳೆಯ ಟ್ಯಾಂಕು ಸೋರುತ್ತಿತ್ತು, ಐವತ್ತು ಹೆಜ್ಜೆ ಪಕ್ಕದಲ್ಲಿ ಹೊಸದು ಎದ್ದು ಎರಡು ವರ್ಷವಾಗಿತ್ತು. ಹಾಯಕ್ಕ ದೋಣಿ ಬಿಡದ ಒಂದು ಭಾನುವಾರ ಯಂತ್ರ ಬಂದು ಸಂಜೆಯೊಳಗೆ ಹಳೆಯದನ್ನು ನೆಲಸಮ ಮಾಡಿತು.

ಸೋಮವಾರ ಬೆಳಿಗ್ಗೆ ತೆಳುಮಂಜು. ದೋಣಿಯಲ್ಲಿ ನೋವು ಶುರುವಾದ ಬಸುರಿ, ಜೊತೆಗೆ ಅವಳ ಅತ್ತೆ. ಚಿಮಣಿ ಕಂಡಿತು, ಹಿಂದೆ ಒಂದು ಟ್ಯಾಂಕು ಕಂಡಿತು. ಹೊಸದು ಮಂಜಿನಲ್ಲಿ ಮುಚ್ಚಿಹೋಗಿದೆ ಎಂದುಕೊಂಡಳು ಹಾಯಕ್ಕ. ಕಂಡದ್ದನ್ನೇ ಹಳೆಯದೆಂದು ಚಿಮಣಿಗೆ ಕೂಡಿಸಿದಳು. ಆದರೆ ಕಂಡದ್ದು ಹೊಸದು. ಟ್ಯಾಂಕು ಇಲ್ಲದೆ ಹೋಗಬಹುದು ಎಂಬುದು ಆಕೆಯ ಊಹೆಗೂ ನಿಲುಕುವಂಥದ್ದಲ್ಲ.

ತುಂಬಿದ ಹಾಯಿಯ ಓಟದಲ್ಲೇ ದೋಣಿ ಬಂಡೆಗೆ ಹೊಡೆಯಿತು. ಹಲಗೆ ಬಿರಿದು ಪಾದದ ಬುಡದಲ್ಲಿ ನೀರು ಚಿಮ್ಮಿತು. ಅತ್ತೆಯಾದವಳು ಹುಟ್ಟುವ ಮಗುವಿಗೆಂದು ತಂದ ಹಳೆಬಟ್ಟೆಯ ಗಂಟನ್ನು ಬಿರುಕಿಗೆ ತುರುಕಿ, ಅದರ ಮೇಲೆ ತಾನೇ ಕುಳಿತುಬಿಟ್ಟಳು. ಹಾಯಕ್ಕ ಹಾಯಿ ಇಳಿಸಿ, ಹುಟ್ಟನ್ನು ಬಂಡೆಗೆ ಕೊಟ್ಟು ನೂಕಿ, ಮುಕ್ಕಾಲು ಗಂಟೆ ತೋಳು ಸೋಲುವ ಹಾಗೆ ಹುಟ್ಟು ಹಾಕಿ ದಡ ಮುಟ್ಟಿಸಿದಳು. ಮಧ್ಯಾಹ್ನದೊಳಗೆ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು.

"ಬಂಡೆಗೆ ಹೊಡೆದಾಗ ಹೆದರೋಕೆ ಪುರಸೊತ್ತೇ ಇರ್ಲಿಲ್ಲ. ದಡದಲ್ಲಿ ನಿಂತು ದಿಬ್ಬ ನೋಡಿದೆ. ಟ್ಯಾಂಕಿದ್ದ ಜಾಗದಲ್ಲಿ ಬರೀ ಆಕಾಶ. ಅಪ್ಪ ಸತ್ತಾಗಲೂ ನನಗೆ ಹಾಗಾಗಿರ್ಲಿಲ್ಲ" ಎನ್ನುತ್ತಾಳೆ. ಈಗಲೂ ಮಾತಿನ ನಡುವೆ ದಿಬ್ಬದ ಕಡೆ ನೋಡಿ, ಹೇಳುತ್ತಿದ್ದದ್ದನ್ನು ಮರೆಯುತ್ತಾಳೆ.

ಮರುದಿನ ಆಕೆ ಪುರಸಭೆಗೆ ಹೋದಳು. ಟ್ಯಾಂಕಿನ ವಿಷಯ ಎಂದೊಡನೆ ಗುಮಾಸ್ತ ತಲೆಯೆತ್ತದೆ, ನಲ್ಲೀಲಿ ನೀರು ಬರುತ್ತಿಲ್ಲವೇ ಎಂದು ಕೇಳಿದ. ನಮ್ಮ ಮನೆಯಲ್ಲಿ ನಲ್ಲಿಯೇ ಇಲ್ಲ ಎಂದಳು. ಮತ್ತೆ ಟ್ಯಾಂಕು ನಿಮಗೇಕೆ ಎಂದ. ಆಕೆ ಮೇಜಿನ ಮೇಲಿನ ಪೆನ್ನು, ಗೋಂದಿನ ಬಾಟಲಿ ಇಟ್ಟು ಚಿಮಣಿ, ಟ್ಯಾಂಕು, ಕಂಡಿ ತೋರಿಸಿದಳು. ಗೋಂದಿನ ಬಾಟಲಿಯನ್ನು ಎತ್ತಿ ಪಕ್ಕಕ್ಕಿಟ್ಟಾಗ ಗುಮಾಸ್ತ ಕುರ್ಚಿಯಿಂದ ಎದ್ದು ನಿಂತ. ಎಂಜಿನಿಯರನ್ನು ಕರೆತಂದ. ಕೆಡವುವ ಮೊದಲು ಅವರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ದರು, ರಸ್ತೆಯ ಎರಡೂ ಕಡೆ ಹಗ್ಗ ಕಟ್ಟಿದ್ದರು, ಬೀದಿನಾಯಿಗಳನ್ನೂ ಓಡಿಸಿದ್ದರು. ಸಮುದ್ರದ ಕಡೆಯಿಂದ ಯಾರೋ ಅದನ್ನು ದಿನಾ ನೋಡುತ್ತಿದ್ದಾರೆಂದು ಆ ಕಟ್ಟಡದಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. 

ಗಂಡ ಮೂರು ದಿನದಲ್ಲಿ ಹಲಗೆ ಕೂಡಿಸಿದ. "ದೋಣಿ ವಾಸಿಯಾಯ್ತು. ನೀನು ಯಾವಾಗ?" ಎಂದ. ಹಾಯಕ್ಕ ಹೊಸ ಗುರುತು ಸಿಗುವತನಕ ಯಾರನ್ನೂ ಹತ್ತಿಸುವುದಿಲ್ಲವೆಂದು ಹಗ್ಗ, ಕಲ್ಲು ಹಿಡಿದು ಒಬ್ಬಳೇ ಹೊರಟಳು. ಹದಿನೆಂಟು ಬೆಳಗು ಹೀಗೇ ಕಳೆದವು. ಕೊನೆಗೆ ಚಿಮಣಿಯ ಹಿಂದೆ, ದಿಬ್ಬದ ಇಳಿಜಾರಿನಲ್ಲಿ, ಮುದಿ ದರ್ಜಿಯೊಬ್ಬನ ಮನೆ ಸಿಕ್ಕಿತು. ಅದರ ತಾರಸಿಯ ಮೇಲೆ ಮೆಟ್ಟಿಲಿಗೆ ಮಳೆ ಬೀಳದಂತೆ ಕಟ್ಟಿದ ಪುಟ್ಟ ನೀಲಿ ಗೂಡು. ಚಿಮಣಿ ಅದನ್ನು ಮುಚ್ಚಿದಾಗಲೆಲ್ಲ ಕಲ್ಲಿಗೆ ಆಳ ಸಿಗುತ್ತಿತ್ತು. ಆಕೆ ದರ್ಜಿಯ ಬಾಗಿಲು ತಟ್ಟಿ, ಆ ಗೂಡಿಗೆ ಬೇರೆ ಬಣ್ಣ ಬಳಿಯಬೇಡಿ ಎಂದಳು. ನನ್ನ ಹೆಂಡತಿ ಇಪ್ಪತ್ತು ವರ್ಷದಿಂದ ಬಯ್ಯುತ್ತಿರುವ ಬಣ್ಣ ಇದು ತಾಯಿ, ಈಗ ಬಾಯಿ ಮುಚ್ಚಿಸೋಕೆ ಒಂದು ಕಾರಣ ಸಿಕ್ಕಿತು ಎಂದು ಆತ ನಕ್ಕ.

ಗುರುತು ಸಿಕ್ಕರೂ ಜನರನ್ನು ಕೂರಿಸಿಕೊಳ್ಳಲು ಧೈರ್ಯ ಬರಲಿಲ್ಲ. ಒಂದು ಗುರುವಾರ ಅದೇ ಅತ್ತೆ, ಸೊಸೆಯನ್ನೂ ಮಗುವನ್ನೂ ಕರೆದುಕೊಂಡು ನಡುಗಡ್ಡೆಯ ದಡಕ್ಕೆ ಬಂದಳು. ಮಗು ಹಿಂದಿನ ರಾತ್ರಿಯಿಂದ ಹಾಲು ಕುಡಿದಿಲ್ಲ, ಮೋಟರು ದೋಣಿ ಬರುವುದು ನಾಳೆ. ಹಾಯಕ್ಕ ಹಿಂದೆಮುಂದೆ ನೋಡುತ್ತಿದ್ದರೆ ಅತ್ತೆ ದೋಣಿ ಹತ್ತಿ ಕುಳಿತೇಬಿಟ್ಟಳು.

"ಆ ಬಂಡೆ ಅವತ್ತೇ ನೋಡಾಯ್ತು. ಇವತ್ತು ಬೇರೆ ದಾರೀಲಿ ಕರ್ಕೊಂಡ್ಹೋಗು."

ಕಂಡಿಯ ಬಾಯಲ್ಲಿ ಹಾಯಕ್ಕ ಹಾಯಿ ಇಳಿಸಿ ಹುಟ್ಟು ಹಿಡಿದಳು. ಚಿಮಣಿ ನಿಧಾನವಾಗಿ ಸರಿದು ನೀಲಿಯನ್ನು ಮುಚ್ಚಿತು. ಎರಡೂ ಕಡೆ ನೀರಡಿಯ ಬಂಡೆಗಳು ಕಪ್ಪಗೆ ಹಾದುಹೋದವು. ದೋಣಿಯಲ್ಲಿ ಮಗುವಿನ ಕಟ್ಟಿದ ಮೂಗಿನ ಸದ್ದೊಂದೇ. ಆಸ್ಪತ್ರೆಯಲ್ಲಿ ಮೂಗಿಗೆ ಹನಿ ಹಾಕಿದರು. ಹಾಲು ಕುಡಿದು ಮಗು ಮಧ್ಯಾಹ್ನ ವಾಪಸು ಬಂತು, ಅದೇ ಕಂಡಿಯಲ್ಲಿ.

ಹಾಯಕ್ಕನಿಗೆ ಹೊಸ ದೋಣಿ ಬೇಡ, ಸನ್ಮಾನವೂ ಬೇಡ. ಬೇಕಾದ್ದು ಒಂದೇ ಎನ್ನುತ್ತಾಳೆ.

"ಒಡೀಬೇಡಿ, ಕಟ್ಟಬೇಡಿ ಅನ್ನೋಕೆ ನಾನ್ಯಾರು. ಒಡೆಯೋ ಹಿಂದಿನ ದಿನ ಯಾರಾದ್ರೂ ದಡಕ್ಕೆ ಬಂದು ಒಂದು ಕೂಗು ಹಾಕ್ಲಿ. ನಾನು ನೀರಿನ ಮೇಲೇ ಇರ್ತೀನಿ, ಕೇಳಿಸುತ್ತೆ."