ಕಿಟಕಿ ಸೀಟಿನ ಟವಲ್ಲು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮದ್ದೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿನ ಒಂದು ಕಂಪ್ಯೂಟರ್ ಕೇಂದ್ರಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು, ಬೆಳಕವಾಡಿ ಕಡೆಯವರು, ಮಂಡ್ಯದಲ್ಲಿ ರೂಮು ಮಾಡಿಕೊಂಡಿದ್ದರು. ಅಲ್ಲೇ ರೈಲು ಹತ್ತಿ, ಪಕ್ಕದ ಕಿಟಕಿ ಸೀಟಿನ ಮೇಲೆ ನನಗೆಂದು ಕೆಂಪಂಚಿನ ಟವಲ್ಲು ಹಾಸಿರುತ್ತಿದ್ದರು. ನಾನು ಬಾಯಿಬಡುಕಿ, ಅವರದು ಅಳೆದು ತೂಗಿ ಮಾತು. ಆ ಟವಲ್ಲಿಗಾಗಿ ಬೆಳಗಾಗುವುದನ್ನೇ ಕಾಯುತ್ತಿದ್ದೆ. ಈಗ ಹೇಳಲು ನಾಚಿಕೆಯೇನು?

ಇಬ್ಬರದೂ ಒಂದೇ ಕೆಲಸ. ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಮು ತೀರಾ ನಿಧಾನವಾಗಿತ್ತು. ಅದರ ನಡುನಡುವೆ ಅಸೆಂಬ್ಲಿ, ಅಂದರೆ ಯಂತ್ರಕ್ಕೆ ಹತ್ತಿರದ ಭಾಷೆಯ ಸಾಲುಗಳನ್ನು ಸೇರಿಸಿ, ಬೇಡದ್ದನ್ನು ಕಿತ್ತು ಚುರುಕುಗೊಳಿಸಬೇಕಿತ್ತು. ರೈಲಿನಲ್ಲೇ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ತಿದ್ದುತ್ತಿದ್ದೆವು. ವೇಗವೇನೋ ಬಂತು, ಆದರೆ ಲೆಕ್ಕ ಆಗಾಗ ತಪ್ಪುತ್ತಿತ್ತು. ಕಾರಣ ಸಿಕ್ಕರೆ ಕೆಲಸ ಮುಗಿದಂತೆ. ಅವರಿಗೆ ದೆಹಲಿಗೆ ವರ್ಗ. ಸಿಗದಿರಲಿ ಎಂದು ನಾನು ಹರಕೆ ಹೊರುವುದೊಂದು ಬಾಕಿ.

ಒಂದು ಬೆಳಿಗ್ಗೆ ಅವರು ಟವಲ್ಲು ಮರೆತು ಬಂದಿದ್ದರು. ನನ್ನ ಜಾಗದಲ್ಲಿ ಬೆಲ್ಲದ ಮೂಟೆಯವನೊಬ್ಬ ಕೂತಿದ್ದ. ಅದು ನನ್ನ ಸೀಟು ಎಂದೆ.

"ಟವಲ್ ಆಕಿದ್ರಾ? ಇಲ್ವಲ್ಲ. ಖಾಲಿ ಇತ್ತು, ಕುಂತ್ಕಂಡೆ ಕಣಮ್ಮ."

ಬಯ್ಯಲು ಬಾಯಿ ತೆರೆದವಳಿಗೆ ಥಟ್ಟನೆ ಹೊಳೆಯಿತು. ಯಂತ್ರ ಲೆಕ್ಕ ಇಟ್ಟುಕೊಳ್ಳುವ ಪುಟ್ಟ ಜಾಗಕ್ಕೆ ರಿಜಿಸ್ಟರ್ ಎನ್ನುತ್ತಾರೆ. ನಮ್ಮ ಸಾಲುಗಳು ಅಂಥದ್ದೊಂದನ್ನು ಬಳಸುತ್ತಿದ್ದವು. ಮಿಕ್ಕ ಪ್ರೋಗ್ರಾಮನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರಿಗೆ ಅದನ್ನು ನಾವು ತಿಳಿಸಿಯೇ ಇರಲಿಲ್ಲ. ಖಾಲಿಯಿದೆಯೆಂದು ಅದೂ ತನ್ನ ಲೆಕ್ಕವನ್ನು ಅಲ್ಲೇ ಇಡುತ್ತಿತ್ತು.

ಚನ್ನಪಟ್ಟಣದವರೆಗೆ ತುಟಿ ಕಚ್ಚಿಕೊಂಡು ನಿಂತಿದ್ದೆ. ಹೇಳದಿದ್ದರೆ ಇನ್ನಷ್ಟು ದಿನ ಅವರು ಇರುತ್ತಿದ್ದರು. ಹಾಳು ಬಾಯಿ, ತಡೆಯಲಿಲ್ಲ.

"ಅಲ್ರೀ, ನಮ್ಮ ರಿಜಿಸ್ಟರಿಗೆ ನಾವು ಟವಲ್ಲೇ ಹಾಕಿಲ್ಲ."

ಅವರು ಜೋರಾಗಿ ನಕ್ಕರು. "ಸಿಕ್ತು ಬುಡಿ," ಎಂದರು. ಆಮೇಲೆ ಕೆಂಗೇರಿ ಬರುವವರೆಗೂ ಒಂದೇ ಹಾಳೆಯನ್ನು ಮಡಿಸುತ್ತ, ಬಿಚ್ಚುತ್ತ ಇದ್ದರು.

ಅವರು ದೆಹಲಿಗೆ ಹೊರಡುವ ಹಿಂದಿನ ಸಂಜೆ, ಮದ್ದೂರಿನಲ್ಲಿ ನಾನು ಇಳಿಯುವಾಗ, ಟವಲ್ಲನ್ನು ಮಡಿಸಿ ಕೈಗಿಟ್ಟರು. "ಇನ್ಮೇಲೆ ನೀವೇ ಹಾಕ್ಕಳಿ." ನಾನು, ಅಷ್ಟು ಮಾತಿನವಳು, ಹೂಂ ಎಂದೆ.

ಸೋಮವಾರ ಹೇಗೋ ಸೀಟು ಸಿಕ್ಕಿತು. ಪಕ್ಕದ ಖಾಲಿ ಜಾಗಕ್ಕೆ ಟವಲ್ಲು ಹಾಸಿದೆ. ನಿಂತಿದ್ದ ಅಜ್ಜಿಯೊಬ್ಬರು ಕೇಳಿದರು, "ಯಾರಾರ ಬತ್ತಾರೇನವ್ವ?"

"ಬರ್ತಾರೆ," ಎಂದೆ.

ಚನ್ನಪಟ್ಟಣ ದಾಟಿತು. ಅಜ್ಜಿ ಟವಲ್ಲನ್ನು ಎತ್ತಿ, ಮಡಿಸಿ, ನನ್ನ ಮಡಿಲಲ್ಲಿಟ್ಟು ಕೂತರು.

"ಬರೋರಾಗಿದ್ರೆ ಇಷ್ಟೊತ್ಗೆ ಬತ್ತಿದ್ರು ಕಣವ್ವ."