ಸೇಸಮ್ಮ ಅಳಿಸಿದ ಪಂದ್ಯ

ಸಿದ್ಧಕಟ್ಟೆಯ ಸೇಸಮ್ಮನಿಗೆ ಪೆಟ್ಟು ಹೊಸತಲ್ಲ. ಗಂಡ ಬದುಕಿದ್ದಷ್ಟು ಕಾಲ ಕೈಗೆ ಸಿಕ್ಕಿದ್ದರಲ್ಲಿ ಬಾರಿಸಿದ. ಒಮ್ಮೆ ಹಿತ್ತಾಳೆಯ ತಂಬಿಗೆಯಲ್ಲಿ ಹೊಡೆದು ಎದುರಿನ ಎರಡು ಹಲ್ಲು ಉದುರಿಸಿದ. ಇವಳೂ ಬಿಟ್ಟವಳಲ್ಲ. ಅದೇ ತಂಬಿಗೆಯನ್ನು ಅವನ ಹಣೆಗೆ ಬೀಸಿ, ಹರಿದ ರಕ್ತ ಒರೆಸಿ, ಆಮೇಲೆ ಅನ್ನ ಬಡಿಸಿದಳು. ತಂಬಿಗೆ ಜಜ್ಜಿಹೋಯಿತು, ಸಂಸಾರ ಉಳಿಯಿತು. ಅಂಥ ಮನೆಯಲ್ಲಿ ಹುಟ್ಟಿದ ರಮಾನಾಥ, ಶೇಷಪ್ಪ ಇಬ್ಬರೂ ಮಾತಿಗೆ ಮೊದಲು ಕೈ ಎತ್ತುವವರಾದರು. ನೂಲಿನಂತೆ ಸೀರೆ ಎಂದು ಊರವರು ನಕ್ಕರು.

ಅಪ್ಪ ಸತ್ತ ಮೇಲೆ ಬಚ್ಚಲು ನೀರು ಯಾವ ಕಡೆ ಹರಿಯಬೇಕೆಂದು ಅಣ್ಣತಮ್ಮಂದಿರು ಬಡಿದಾಡಿದರು. ತಮ್ಮನ ಕಿವಿ ಹರಿಯಿತು, ಅಣ್ಣನ ದವಡೆ ಮುರಿಯಿತು. ಆಸ್ಪತ್ರೆಯಿಂದ ಬಂದವರೇ ದೇವರ ಹೆಸರಿನಲ್ಲಿ ಆಣೆ ಹಾಕಿಕೊಂಡರು: ಈ ಮನೆಯವರು ಆ ಮನೆಯ ಹೊಸ್ತಿಲು ತುಳಿಯಬಾರದು, ನೀರು ಕುಡಿಯಬಾರದು, ಎದುರು ನಿಂತು ಮಾತಾಡಬಾರದು. ನಮ್ಮ ಕಡೆ ಆಣೆಯೆಂದರೆ ತಮಾಷೆಯಲ್ಲ. ಇಬ್ಬರೂ ಜೊತೆಯಾಗಿ ಹೋಗಿ ದೇವರೆದುರು ಬಿಡಿಸಿಕೊಳ್ಳುವವರೆಗೆ ಅದು ಮಕ್ಕಳು ಮರಿಗೂ ಅಂಟಿಕೊಂಡಿರುತ್ತದೆ.

ಮನೆಯ ನಡುವೆ ಗೋಡೆ ಎದ್ದಿತು, ಅಂಗಳದಲ್ಲಿ ತಗಡಿನ ಬೇಲಿ ಬಂತು. ಸೇಸಮ್ಮ ಹಿರಿಯ ಮಗ ರಮಾನಾಥನ ಪಾಲಿಗಾದಳು. ಅವಳು ಎಣ್ಣೆ ಹಚ್ಚಿ ಮೀಯಿಸಿ ಬೆಳೆಸಿದ ಸಾತ್ವಿಕಾ, ಶೇಷಪ್ಪನ ಮಗಳು, ಗೋಡೆಯಾಚೆಯ ಬರೀ ದನಿಯಾದಳು. ಸಾಯುವ ಮೊದಲು ಒಮ್ಮೆ ಆ ಕೂಸಿನ ಕೆನ್ನೆ ಮುಟ್ಟಬೇಕು ಎಂಬುದೊಂದೇ ಮುದುಕಿಯ ಆಸೆ.

ಹಟಕ್ಕೆ ಬಿದ್ದವರು ಹಟದಲ್ಲೇ ಬದುಕುತ್ತಾರೆ. ಶೇಷಪ್ಪ ತನ್ನ ಚಾವಡಿಯಲ್ಲಿ ದೊಡ್ಡ ಟಿವಿ ಬಾಕ್ಸ್, ಕೋಣೆಗೊಂದು ಚಿಕ್ಕ ಬಾಕ್ಸ್ ಇಡಿಸಿದ. ದೊಡ್ಡದರಲ್ಲಿ ರೆಕಾರ್ಡ್ ಆದದ್ದು ಮನೆಯೊಳಗಿನ ವಯರಿನಲ್ಲಿ ಹರಿದು ಎಲ್ಲ ಕೋಣೆಗಳಲ್ಲೂ ಕಾಣುತ್ತದೆ. ರಮಾನಾಥ ಸುಮ್ಮನಿರುತ್ತಾನೆಯೇ? ಅವನೂ ಅದನ್ನೇ ಹಾಕಿಸಿದ. ಎರಡೂ ಕಡೆ ಕೆಲಸ ಮಾಡಿದವ ಗುರುವಾಯನಕೆರೆಯ ನೌಫಲ್. ಮನೆ ಒಂದಾಗಿದ್ದಾಗ ಇಂಟರ್ನೆಟ್ಟಿಗೆಂದು ಎಳೆದಿದ್ದ ವಯರುಗಳನ್ನೇ ಅವನು ಬಳಸಿದ. ಅವೆಲ್ಲ ಅಟ್ಟದ ಮೇಲೆ ಒಂದೇ ಡಬ್ಬಿಗೆ ಸೇರಿದ್ದವು. ಗೋಡೆ ಕಟ್ಟಿದ ಮೇಸ್ತ್ರಿ ಅಟ್ಟವನ್ನು ಮರೆತಿದ್ದ, ನೌಫಲನೂ ಹತ್ತಿ ನೋಡಲಿಲ್ಲ. ಎರಡು ಮನೆಯ ವಯರು ಬೇರೆಯಾಗಲೇ ಇಲ್ಲ.

ಹಾಗಾಗಿ ಸೇಸಮ್ಮನ ಕೋಣೆಯ ಟಿವಿಯಲ್ಲಿ ಎರಡೂ ಮನೆಗಳ ದೊಡ್ಡ ಬಾಕ್ಸುಗಳ ಹೆಸರು ಕಂಡವು. ಎರಡನೆಯದನ್ನು ಒತ್ತಿದಳು. ಬಿಳಿ ಬಟ್ಟೆ ತೊಟ್ಟ ಒಂದು ಹುಡುಗಿಯ ಚಿತ್ರ ಬಂತು. ಮೂಡುಬಿದಿರೆಯಲ್ಲಿ ನಡೆದ ಕರಾಟೆ ಪಂದ್ಯವನ್ನು ಊರಿನ ಚಾನೆಲ್ಲು ತೋರಿಸಿತ್ತು, ಶೇಷಪ್ಪ ಅದನ್ನು ಹಿಡಿದಿಟ್ಟಿದ್ದ. ಸಾತ್ವಿಕಾ ಎದುರಾಳಿಯ ಎದೆಗೆ ಒದ್ದಳು. ತಿರುಗಿ ಬಿದ್ದ ಗುದ್ದಿಗೆ ಮೂಗಿನಿಂದ ರಕ್ತ ಇಳಿಯಿತು. ತೋಳಿನಲ್ಲಿ ಒರೆಸಿಕೊಂಡು ಮತ್ತೆ ನುಗ್ಗಿದಳು, ಗೆದ್ದಳು.

"ನನ್ನದೇ ರಕ್ತ ಮಾರಾಯ್ರೆ!" ಎಂದು ಸೇಸಮ್ಮ ಗೋಡೆಗೆ ಹೇಳಿದಳು.

ಅಲ್ಲಿಂದ ದಿನಾ ಬಾಗಿಲು ಹಾಕಿ, ಸದ್ದು ಕಡಿಮೆ ಮಾಡಿ ಅದನ್ನೇ ನೋಡಿದಳು. ಮಾತಾಡಬಾರದು ಎಂದು ಆಣೆ, ನೋಡಬಾರದು ಎಂದು ಯಾರು ಹೇಳಿದ್ದಾರೆ ಎಂದು ದೇವರ ಹತ್ತಿರವೇ ವಾದಿಸಿದಳು. ಒಂದು ಬೆಳಿಗ್ಗೆ ಆ ರಕ್ತದ ಮುಖವನ್ನು ಪರದೆಯಲ್ಲಿ ನಿಲ್ಲಿಸಬೇಕೆನಿಸಿತು. ಹೆಬ್ಬೆರಳು ಬೇರೆ ಗುಂಡಿಗೆ ಬಿತ್ತು. ಪರದೆ ಏನೋ ಕೇಳಿತು, ಇವಳು ಹೂಂ ಎಂದು ಒತ್ತಿದಳು. ಪಂದ್ಯ ಅಳಿಸಿಹೋಯಿತು. ಸೇಸಮ್ಮ ತಲೆ ತಲೆ ಚಚ್ಚಿಕೊಂಡಳು.

ಅದೇ ದಿನ ನೆಂಟರಿಗೆ ತೋರಿಸಲು ಹೋದ ಶೇಷಪ್ಪನಿಗೆ ಪಂದ್ಯ ಸಿಗಲಿಲ್ಲ. ನೌಫಲನನ್ನು ಕರೆಸಿದ. ಅವನು ಅಟ್ಟ ಹತ್ತಿ ಇಳಿದು, ಪಾಪ, ಇದ್ದದ್ದನ್ನು ಇದ್ದ ಹಾಗೆ ಹೇಳಿದ: "ಶೇಷಪ್ಪಣ್ಣ, ಎರಡು ಮನೆಯ ವಯರೂ ಒಟ್ಟಿಗೆ ಉಂಟು. ಆಚೆಯವರು ಯಾರೋ ಅಳಿಸಿದ್ದು."

ಮಾತಾಡಬಾರದೆಂಬುದನ್ನು ಸಿಟ್ಟಿನಲ್ಲಿ ಮರೆತು ಶೇಷಪ್ಪ ಕತ್ತಿ ಹಿಡಿದು ತಗಡಿನ ಬೇಲಿಯನ್ನು ಒದ್ದು ಬೀಳಿಸಿ ಬಂದ. "ಹೊರಗೆ ಬಾ! ನನ್ನ ಮಗಳು ಗೆದ್ದದ್ದು ನೋಡಿ ಹೊಟ್ಟೆ ಉರಿಯಿತಾ ನಿನಗೆ?"

"ನಿನ್ನ ಮನೆಯದ್ದು ನನಗೆ ಯಾಕೆ? ನಾನು ಆಣೆ ತಪ್ಪಿದವನಾ?" ರಮಾನಾಥ ನೆಲ ಅಗೆಯುವ ಪಿಕ್ಕಾಸಿನ ಮರದ ಹಿಡಿ ಎತ್ತಿಕೊಂಡೇ ಇಳಿದ.

"ಅಳಿಸಿದ್ದು ನಾನು! ನನ್ನನ್ನು ಕಡಿಯಿರಿ!" ಸೇಸಮ್ಮ ಕೂಗಿದಳು. ಯಾರಿಗೂ ಕೇಳಲಿಲ್ಲ. ಕತ್ತಿ ರಮಾನಾಥನ ತೋಳಿಗೆ ಬಿದ್ದು ಮಾಂಸ ಬಾಯಿಬಿಟ್ಟಿತು. ಪಿಕ್ಕಾಸಿನ ಹಿಡಿ ಶೇಷಪ್ಪನ ಮೊಣಕಾಲಿಗೆ ಬಿತ್ತು, ಎಲುಬು ಮುರಿದ ಸದ್ದು ಗೇಟಿನವರೆಗೆ ಕೇಳಿತು. ಬಿದ್ದವನ ಬೆನ್ನಿಗೆ ಇನ್ನೊಂದು, ಹೆಗಲಿಗೆ ಇನ್ನೊಂದು. ತಡೆಯಲು ಬಂದ ನೌಫಲ್ ಮೊಣಕೈ ತಿವಿತಕ್ಕೆ ತುಟಿ ಒಡೆದುಕೊಂಡು ಕುಸಿದ. ಮುಂದಿನ ಪೆಟ್ಟು ಶೇಷಪ್ಪನ ತಲೆಗೇ ಇತ್ತು.

ಆಗ ಬಿದ್ದ ಬೇಲಿಯನ್ನು ದಾಟಿ ಓಡಿಬಂದವಳು ಸಾತ್ವಿಕಾ. ದೊಡ್ಡಪ್ಪನ ಮಣಿಕಟ್ಟು ಹಿಡಿದು ತಿರುಚಿದಳು. ಹಿಡಿ ಕೆಳಗೆ ಬಿತ್ತು. "ಸಾಕು ದೊಡ್ಡಪ್ಪ," ಎಂದಳು. ರಮಾನಾಥ ತೋಳು ಹಿಡಿದುಕೊಂಡು ಜಗಲಿಯ ಮೇಲೆ ಕುಳಿತುಬಿಟ್ಟ.

"ನೀರು," ಎಂದು ಶೇಷಪ್ಪ ನರಳಿದ. ಸೇಸಮ್ಮ ಆ ಜಜ್ಜಿದ ತಂಬಿಗೆಯಲ್ಲೇ ನೀರು ತಂದಳು. ಅದನ್ನು ಕಂಡದ್ದೇ ಮಗ ಬಾಯಿ ಮುಚ್ಚಿದ. "ಈ ಮನೆಯ ನೀರು ಬೇಡ."

"ಆಣೆ ಹಾಕಿದ್ದು ನೀವು, ಹೆತ್ತದ್ದು ನಾನು. ಕುಡಿ!" ಎಂದು ಸೇಸಮ್ಮ ಅವನ ಕೆನ್ನೆಗೆ ಬಾರಿಸಿದಳು. ಅವನು ಹಲ್ಲು ಇನ್ನಷ್ಟು ಕಚ್ಚಿಕೊಂಡ.

ಸಾತ್ವಿಕಾ ಅಜ್ಜಿಯ ಕೈಯಿಂದ ತಂಬಿಗೆ ತೆಗೆದುಕೊಂಡು ಎಲ್ಲರೂ ನೋಡುತ್ತಿದ್ದಂತೆ ಅರ್ಧ ನೀರು ಕುಡಿದಳು. ಉಳಿದದ್ದನ್ನು ಅಪ್ಪನ ತುಟಿಗೆ ಹಿಡಿದಳು. "ನಾನು ಕುಡಿದಾಯ್ತು ಅಪ್ಪ. ಇನ್ನು ನನ್ನ ಹತ್ತಿರವೂ ಮಾತಾಡುವುದಿಲ್ವಾ?"

ಶೇಷಪ್ಪ ಮಗಳನ್ನೇ ನೋಡಿದ. ಬಾಯಿ ತೆರೆದ.

ಅವನು ಕುಡಿದದ್ದನ್ನು ಸೇಸಮ್ಮ ನೋಡಲಿಲ್ಲ. ಮಗನ ರಕ್ತ ಅಂಟಿದ ಕೈಯಲ್ಲೇ ಮೊಮ್ಮಗಳ ಕೆನ್ನೆ ಮುಟ್ಟಿದಳು. ಕೆನ್ನೆ ಬಿಸಿಯಾಗಿತ್ತು. ಟಿವಿಯಲ್ಲಿ ಅದು ಗೊತ್ತಾಗಿರಲಿಲ್ಲ.